ಹಚ್ಚೆಯ ಶಿಸ್ತು: ಕೊರವರ ಹೆಣ್ಣುಮಕ್ಕಳು ಕಟ್ಟಿದ ಕಲೆಗೊಂದು ಮೌಲ್ಯಮಾಪನ

ಎಂ.ಕೆ. ಹುಬ್ಬಳ್ಳಿಯಿಂದ ಬೈಲಹೊಂಗಲ, ಸವದತ್ತಿ ದಾಟಿ ರಾಮದುರ್ಗದವರೆಗಿನ ಮಲಪ್ರಭಾ ಸೀಮೆಯಲ್ಲಿ ಎಪ್ಪತ್ತು ದಾಟಿದ ಅನೇಕ ಹೆಣ್ಣುಮಕ್ಕಳ ಮೈಮೇಲೆ ಒಂದು ಕಲೆ ಇನ್ನೂ ಉಳಿದಿದೆ. ಹುಬ್ಬಿನ ನಡುವೆ ಒಂದು ಬೊಟ್ಟು, ಗದ್ದದ ಮೇಲೆ ಇನ್ನೊಂದು, ಮುಂಗೈ ಮೇಲೆ ಚೇಳು, ತುಳಸಿಕಟ್ಟೆ, ತೊಟ್ಟಿಲು. ಎಲ್ಲವೂ ನೀಲಿಗೆ ಹಸಿರು ಬೆರೆತ ಬಣ್ಣದಲ್ಲಿ. ಇವನ್ನು ಹಾಕಿದವರಲ್ಲಿ ಹೆಚ್ಚಿನವರು ಬುಟ್ಟಿ ಹೆಣೆಯುತ್ತ, ಕಣಿ ಹೇಳುತ್ತ ಊರಿಂದೂರಿಗೆ ನಡೆದ ಕೊರವರ ಹೆಣ್ಣುಮಕ್ಕಳು. ಹಚ್ಚೆ, ಹಣಚಿಬೊಟ್ಟು ಎಂದೆಲ್ಲ ಕರೆಸಿಕೊಳ್ಳುವ ಈ ಕೆಲಸದ ಬಗ್ಗೆ ಮಾತು ಬಂದಾಗ ನಾವು ಸಾಮಾನ್ಯವಾಗಿ ನಂಬಿಕೆಯ ಕಡೆ ಹೊರಳುತ್ತೇವೆ. ಸತ್ತಾಗ ಬಂಗಾರ ಬರುವುದಿಲ್ಲ, ಹಚ್ಚೆಯೊಂದೇ ಬೆನ್ನಿಗೆ ಬರುತ್ತದೆ ಎಂಬ ಮಾತನ್ನು ಮೆಚ್ಚಿ ಬರೆಯುತ್ತೇವೆ, ಇಲ್ಲವೆ ಮೂಢನಂಬಿಕೆಯೆಂದು ತಳ್ಳಿಹಾಕುತ್ತೇವೆ. ಎರಡೂ ಕಡೆ ಕೆಲಸಗಾರ್ತಿಯ ಕೈ ಮರೆಯಾಗುತ್ತದೆ.

ಹಚ್ಚೆ ಪೂರ್ತಿ ಬೆಳೆದುನಿಂತ ಒಂದು ಕಲಾಪರಂಪರೆ ಎಂಬುದು ನನ್ನ ನಿಲುವು. ಅದಕ್ಕೆ ತನ್ನದೇ ಸಾಮಗ್ರಿ ಇದೆ, ಅಳತೆ ಇದೆ, ಏನನ್ನು ಮಾಡಬಾರದೆಂಬ ಕಟ್ಟಳೆ ಇದೆ. ಇಳಕಲ್ಲ ಸೀರೆಯ ನೇಯ್ಗೆಯನ್ನು, ಕಸೂತಿಯನ್ನು ಯಾವ ಕಣ್ಣಿನಿಂದ ಪರೀಕ್ಷಿಸುತ್ತೇವೋ ಇದನ್ನೂ ಅದೇ ಕಣ್ಣಿನಿಂದ ನೋಡಬೇಕು. ಹಾಗೆ ನೋಡಿದಾಗ ಅದರ ಹಿರಿಮೆ ಕಾಣುತ್ತದೆ. ಮುಚ್ಚಿಡಬಾರದ ದೋಷಗಳೂ ಕಾಣುತ್ತವೆ.

ಮೊದಲು ಸಾಮಗ್ರಿ. ಮದ್ರಾಸ್ ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ 1906ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜನಜೀವನದ ಟಿಪ್ಪಣಿಗಳಲ್ಲಿ ಹಚ್ಚೆಯ ಕಪ್ಪು ಮಾಡುವ ವಿಧಾನವನ್ನು ವಿವರವಾಗಿ ದಾಖಲಿಸಿದ್ದಾನೆ. ಅರಿಶಿನ ಪುಡಿಯನ್ನೂ ಅಗಸೆ ಮರದ ಎಲೆಯನ್ನೂ ಕೂಡಿಸಿ ಅರೆಯುತ್ತಾರೆ. ಅದನ್ನು ತೆಳು ಬಟ್ಟೆಗೆ ಸವರಿ, ಬತ್ತಿ ಹೊಸೆದು, ಹರಳೆಣ್ಣೆಯ ದೀಪದಲ್ಲಿ ಉರಿಸುತ್ತಾರೆ. ದೀಪದ ಮೇಲೆ ಹೊಸ ಮಣ್ಣಿನ ಗಡಿಗೆ ಬೋರಲು ಹಾಕುತ್ತಾರೆ. ಒಳಮೈಗೆ ಕಟ್ಟಿದ ಕಾಡಿಗೆಯನ್ನು ಕೆರೆದು ನೀರಿನಲ್ಲೋ ಎದೆಹಾಲಿನಲ್ಲೋ ಕಲಸುತ್ತಾರೆ. ಮೂರು ನಾಲ್ಕು ಹೊಲಿಗೆ ಸೂಜಿಗಳನ್ನು ದಾರದಿಂದ ಬಿಗಿದರೆ ಉಪಕರಣ ಸಿದ್ಧ. ಚುಚ್ಚಿದ ಮೇಲೆ ಅರಿಶಿನ ತಿಕ್ಕುವುದು ಬಣ್ಣ ಎದ್ದು ಕಾಣಲಿ, ಬಾವು ಏರದಿರಲಿ ಎಂದು. ಇದರಲ್ಲಿ ಹಣ ಕೊಟ್ಟು ತರಬೇಕಾದದ್ದು ಸೂಜಿಯೊಂದೇ ಎನ್ನಬಹುದು. ಉಳಿದದ್ದೆಲ್ಲ ಹಿತ್ತಲಿನದು, ಒಲೆಯ ಪಕ್ಕದ್ದು. ಇಷ್ಟು ಅಗ್ಗದ ಸಾಮಗ್ರಿಯಿಂದ ಅರವತ್ತು ವರ್ಷ ಬಾಳುವ ಗುರುತು ಮೂಡಿಸಬೇಕಾದರೆ ಕೊರತೆಯನ್ನೆಲ್ಲ ಕೈಯೇ ತುಂಬಿಕೊಡಬೇಕು.

ಆ ಕೈ ಏನು ಮಾಡುತ್ತದೆ? ಎಡಗೈ ಹೆಬ್ಬೆರಳು ಮತ್ತು ತೋರುಬೆರಳಿನಿಂದ ತೊಗಲನ್ನು ಬಿಗಿಯಾಗಿ ಎಳೆದು ಹಿಡಿಯುತ್ತದೆ. ಸಡಿಲ ಬಿಟ್ಟರೆ ಸೂಜಿ ಜಾರುತ್ತದೆ, ಚುಕ್ಕಿ ಹರಡುತ್ತದೆ. ಬಲಗೈಯ ಸೂಜಿ ಮೇಲ್ತೊಗಲನ್ನು ದಾಟಿ ಒಳತೊಗಲಿನಲ್ಲಿ ನಿಲ್ಲಬೇಕು. ಮೇಲ್ತೊಗಲಿನಲ್ಲೇ ಉಳಿದರೆ ಕೆಲವೇ ವಾರಗಳಲ್ಲಿ ಕಪ್ಪು ಉದುರಿಹೋಗುತ್ತದೆ. ಹೆಚ್ಚು ಆಳಕ್ಕಿಳಿದರೆ ರಕ್ತ ಚಿಮ್ಮಿ ಕಪ್ಪನ್ನು ಹೊರಗೆ ತಳ್ಳುತ್ತದೆ, ಇಲ್ಲವೆ ಅದು ಒಳಗೇ ಕದಡಿ ಮಸಕಾಗುತ್ತದೆ. ಸರಿಯಾದ ಆಳ ಒಂದೆರಡು ಮಿಲಿಮೀಟರು, ಅಷ್ಟೆ. ಹಣೆಯ ತೊಗಲು ಬೇರೆ, ಮುಂಗೈಯದು ಬೇರೆ. ಎಂಟು ವರ್ಷದ ಹುಡುಗಿಯದು ಬೇರೆ, ಬಾಣಂತಿಯದು ಬೇರೆ. ಈ ವ್ಯತ್ಯಾಸವನ್ನು ಅಳೆಯಲು ಕೊರವಿಗೆ ಬೆರಳ ತುದಿಯ ಹೊರತು ಬೇರೆ ಸಾಧನ ಇರಲಿಲ್ಲ. ಚುಚ್ಚುತ್ತಲೇ ಅವಳು ಹಾಡುತ್ತಿದ್ದಳು. ಹುಡುಗಿಯ ಗಮನವನ್ನು ಹಾಡು ನೋವಿನಿಂದ ಬೇರೆಡೆ ಸೆಳೆಯುತ್ತಿತ್ತು. ಸೂಜಿಯ ಏರಿಳಿತಕ್ಕೂ ಅದರಿಂದ ಒಂದು ಲಯ ಸಿಗುತ್ತಿತ್ತು. ನಮ್ಮ ಜಾನಪದ ಸಂಗ್ರಾಹಕರು ಈ ಹಾಡಿಗೆ ಕಿವಿಗೊಟ್ಟಷ್ಟು ಪ್ರೀತಿಯಿಂದ ಅದೇ ಹೊತ್ತಿನಲ್ಲಿ ಚಲಿಸುತ್ತಿದ್ದ ಕೈಯನ್ನು ಗಮನಿಸಲಿಲ್ಲ ಎಂಬುದು ನನ್ನ ದೂರು.

ಹಚ್ಚೆ ಯಾಕೆ ಅಳಿಯುವುದಿಲ್ಲ ಎಂಬ ಪ್ರಶ್ನೆಗೆ ವಿಜ್ಞಾನದ ಸ್ಪಷ್ಟ ಉತ್ತರ ಸಿಕ್ಕದ್ದು ತೀರ ಇತ್ತೀಚೆಗೆ. ಒಳತೊಗಲಿನ ಭಕ್ಷಕ ಕೋಶಗಳು ಮಸಿಯ ಕಣಗಳನ್ನು ನುಂಗಿ ಹಿಡಿದಿಟ್ಟುಕೊಳ್ಳುತ್ತವೆ. ಆ ಕೋಶ ಸತ್ತಾಗ ಹೊರಬಿದ್ದ ಕಣವನ್ನು ಹೊಸ ಕೋಶ ನುಂಗುತ್ತದೆ ಎಂದು ಫ್ರಾನ್ಸಿನ ಸಂಶೋಧಕರು 2018ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗದಿಂದ ತೋರಿಸಿದರು. ವರ್ಷಗಳು ಕಳೆದಂತೆ ಕಣಗಳು ತುಸುತುಸುವೇ ಸರಿಯುತ್ತವೆ, ಗೆರೆ ದಪ್ಪವಾಗುತ್ತದೆ, ಅಂಚು ಮೆತ್ತಗಾಗುತ್ತದೆ. ಇಲ್ಲಿಯೇ ಕೊರವರ ಪರಂಪರೆಯ ನಿಜವಾದ ಜಾಣ್ಮೆ ಇದೆ. ಅದು ಎಂದೂ ಕೂದಲೆಳೆಯಂಥ ಗೆರೆಗೆ ಆಸೆಪಡಲಿಲ್ಲ, ಮುಖದ ಹೋಲಿಕೆಗೆ ಹೋಗಲಿಲ್ಲ, ನೆರಳು ತುಂಬಲಿಲ್ಲ. ಚುಕ್ಕಿ ಇಟ್ಟಿತು, ಚುಕ್ಕಿ ಚುಕ್ಕಿಯ ನಡುವೆ ಜಾಗ ಬಿಟ್ಟಿತು. ಇಪ್ಪತ್ತು ವರ್ಷಗಳ ಮೇಲೆ ಆ ಚುಕ್ಕಿಗಳೆಲ್ಲ ಕೂಡಿ ಗೆರೆಯಾದವು. ಹುಡುಗಿಯ ಕೈಯಲ್ಲಿ ಬಿಡಿಬಿಡಿಯಾಗಿದ್ದ ಚೇಳು ಅಜ್ಜಿಯ ಕೈಯಲ್ಲಿ ಇಡಿಯಾಯಿತು. ಮುಪ್ಪನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಚಿತ್ರ ಬಿಡಿಸುವ ಕಲೆಗಳು ಬಹಳಿಲ್ಲ. ಇದನ್ನು ಒರಟು ಕೆಲಸ ಎನ್ನುವವರು ಹತ್ತು ವರ್ಷದ ಹಿಂದೆ ಯಂತ್ರದಿಂದ ಬರೆಸಿಕೊಂಡ, ಇಂದು ಕಲಸಿಹೋದ ಸಣ್ಣ ಅಕ್ಷರಗಳ ಪಕ್ಕದಲ್ಲಿ ಒಬ್ಬ ಅಜ್ಜಿಯ ತೊಟ್ಟಿಲನ್ನು ಇಟ್ಟು ನೋಡಬೇಕು.

ವಿನ್ಯಾಸದ ಮಾತು. ಬಾಗಿಲ ಮುಂದಿನ ರಂಗೋಲಿಗೂ ಮುಂಗೈ ಹಚ್ಚೆಗೂ ಒಂದೇ ವ್ಯಾಕರಣ: ಮೊದಲು ಚುಕ್ಕಿ, ಆಮೇಲೆ ಚುಕ್ಕಿಗಳನ್ನು ಸುತ್ತುವ ಅಥವಾ ಕೂಡಿಸುವ ಗೆರೆ. ಬ್ರಿಟಿಷ್ ಮಾನವಶಾಸ್ತ್ರಜ್ಞ ಜಾನ್ ಲೇಯಾರ್ಡ್ 1937ರಲ್ಲಿ ಬರೆದ ಲೇಖನವೊಂದರಲ್ಲಿ ದಕ್ಷಿಣ ಭಾರತದ ಹೊಸ್ತಿಲ ಚಿತ್ರಗಳನ್ನೂ ಹಚ್ಚೆಯ ಚಿತ್ರಗಳನ್ನೂ ಜೊತೆಗಿಟ್ಟು ಈ ನಂಟನ್ನು ಚರ್ಚಿಸಿದ್ದ. ಆದರೆ ಒಂದು ಭೇದವನ್ನು ಒತ್ತಿ ಹೇಳಬೇಕು. ರಂಗೋಲಿ ತಪ್ಪಿದರೆ ಒರಸಿ ಮತ್ತೆ ಹಾಕಬಹುದು, ಹಚ್ಚೆಯಲ್ಲಿ ಆ ಅವಕಾಶವಿಲ್ಲ. ನೆಲ ಸಪಾಟಾಗಿದೆ, ಮುಂಗೈ ದುಂಡಗಿದೆ, ಮಣಿಕಟ್ಟಿನ ಕಡೆ ಸಣ್ಣದಾಗುತ್ತದೆ, ಹುಡುಗಿ ಬೆಳೆದಂತೆ ತಾನೂ ಬೆಳೆಯುತ್ತದೆ. ಆದ್ದರಿಂದ ಹಚ್ಚೆಯ ಚಿತ್ರಗಳು ಚಿಕ್ಕವು, ಒಂದರಿಂದ ಒಂದು ಬೇರೆಯಾಗಿ ನಿಲ್ಲುವಂಥವು. ನೂರು ಚುಕ್ಕಿಯ ರಂಗೋಲಿಯ ವಿಸ್ತಾರ ಇಲ್ಲಿಲ್ಲ. ಇರುವುದು ಆಯ್ಕೆ: ಐದಾರು ಚುಕ್ಕಿಯಲ್ಲಿ ತುಳಸಿಕಟ್ಟೆ ಎಂದು ಗುರುತು ಹತ್ತುವಂತೆ ಮಾಡುವ ಬಲ.

ಬರಹ ಸೇರಿಕೊಂಡ ಮೇಲೆ ಈ ಬಲ ಕುಗ್ಗಿತು ಎಂದು ನನಗನ್ನಿಸುತ್ತದೆ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದ ಕಾಲದಲ್ಲಿ ಹೆಣ್ಣುಮಕ್ಕಳು ಆ ಹೆಸರನ್ನು ಕೈಮೇಲೆ ಹಾಕಿಸಿಕೊಂಡದ್ದರ ಹಿಂದಿನ ಭಾವ ದೊಡ್ಡದು. ಆದರೆ ಕನ್ನಡ ಅಕ್ಷರದ ಒತ್ತು, ಕೊಂಬು, ತಲೆಕಟ್ಟುಗಳಿಗೆ ಬೇಕಾದ ಸಣ್ಣ ಬಾಗು ಸೂಜಿಗುಚ್ಛಕ್ಕೆ ದಕ್ಕುವಂಥದ್ದಲ್ಲ. ಬಹಳ ಕೈಗಳ ಮೇಲಿನ ಹೆಸರುಗಳು ಇಂದು ಓದಲು ಬಾರದಷ್ಟು ಕೂಡಿಹೋಗಿವೆ, ಅದೇ ಕೈಯ ಚೇಳು ಮಾತ್ರ ಚೇಳಾಗಿಯೇ ಉಳಿದಿದೆ.

ಹಣೆಯ ಬೊಟ್ಟಿನ ಬಗ್ಗೆ ಬೇರೆಯೇ ಹೇಳಬೇಕು. ಗಂಡ ಸತ್ತವಳ ಕುಂಕುಮ ಅಳಿಸಿ, ಬಳೆ ಒಡೆದು, ತಾಳಿ ತೆಗೆದ ಸಮಾಜಕ್ಕೆ ಅವಳ ಹಣೆಯ ಹಚ್ಚೆಬೊಟ್ಟನ್ನು ತೆಗೆಯಲಾಗಲಿಲ್ಲ. ಕೊರವಿ ಇದನ್ನು ಪ್ರತಿಭಟನೆಯೆಂದು ಹಾಕಲಿಲ್ಲ, ಹಾಕಿಸಿಕೊಂಡವಳೂ ಹಾಗೆ ಎಣಿಸಲಿಲ್ಲ. ಆದರೂ ಪರಿಣಾಮ ಅದೇ ಆಯಿತು. ಬೋಳು ಹಣೆ ಎಂಬ ಶಿಕ್ಷೆ ಆ ಹೆಣ್ಣುಮಕ್ಕಳ ಮೇಲೆ ಪೂರ್ತಿ ಜಾರಿಯಾಗಲಿಲ್ಲ.

ಇನ್ನು ದೋಷಗಳು. ಮೊದಲನೆಯದು ಒಪ್ಪಿಗೆಯದು. ಹಚ್ಚೆ ಹಾಕುತ್ತಿದ್ದದ್ದು ಹೆಚ್ಚಾಗಿ ಮದುವೆಗೆ ಮುಂಚಿನ ಸಣ್ಣ ಹುಡುಗಿಯರಿಗೆ. ಅವರನ್ನು ಕೇಳಿ ಹಾಕುತ್ತಿರಲಿಲ್ಲ, ಹಿಡಿದು ಕೂಡಿಸಿ ಹಾಕುತ್ತಿದ್ದರು. ಅಳಿಸಲಾಗದ ಗುರುತನ್ನು ಅರಿಯದ ಮಗುವಿನ ಮುಖದ ಮೇಲೆ ಮೂಡಿಸುವುದನ್ನು ಎಷ್ಟು ಚೆಂದದ ಕಲೆಯೂ ಸಮರ್ಥಿಸಲಾರದು. ಎರಡನೆಯದು ಸೂಜಿಯದು. ಒಂದೇ ಸೂಜಿಗುಚ್ಛ ಓಣಿಯ ಹುಡುಗಿಯರೆಲ್ಲರ ಮೈಮೇಲೆ ಓಡಾಡುತ್ತಿತ್ತು. ಕಾಮಾಲೆಯ ಬಿ ಮತ್ತು ಸಿ ವೈರಾಣುಗಳು, ಎಚ್‌ಐವಿ ಹೀಗೆ ರಕ್ತದಿಂದ ರಕ್ತಕ್ಕೆ ದಾಟಬಲ್ಲವು. ಹಚ್ಚೆ ಹಾಕಿಸಿಕೊಂಡವರಿಂದ ಒಂದು ವರ್ಷ ರಕ್ತದಾನ ಪಡೆಯಬಾರದೆಂಬ ನಿಯಮ ಇರುವುದು ಇದೇ ಕಾರಣಕ್ಕೆ. ಅರಿಶಿನಕ್ಕೆ ಬಾವು ಇಳಿಸುವ ಗುಣವಿದ್ದೀತು, ವೈರಾಣು ಕೊಲ್ಲುವ ಶಕ್ತಿಯಿದೆ ಎಂದು ನಂಬಿ ಕೂರುವಂತಿಲ್ಲ. ಪರಂಪರೆಯ ಮೇಲಿನ ಪ್ರೀತಿಯಿಂದ ಈ ಎರಡನ್ನು ಮರೆಮಾಚಿದರೆ ಅದು ಪರಂಪರೆಗೇ ಮಾಡಿದ ದ್ರೋಹ.

ಮೂರನೆಯ ದೋಷ ಕಲೆಯದಲ್ಲ, ನಮ್ಮದು. ಹಚ್ಚೆಯನ್ನು ಒಡವೆಯೆಂದು ಮೆರೆಸಿದ ಊರು ಹಚ್ಚೆ ಹಾಕಿದವಳನ್ನು ಪಡಸಾಲೆಗೆ ಕರೆಯಲಿಲ್ಲ. ಕಟ್ಟೆಯ ಮೇಲೆ ಕೂಡಿಸಿ, ಮೊರದಲ್ಲಿ ಜೋಳ ಹಾಕಿ ಕಳಿಸಿತು. 1871ರಲ್ಲಿ ಹುಟ್ಟಿ 1911ರಲ್ಲಿ ಇನ್ನಷ್ಟು ಬಿಗಿಯಾದ ಅಪರಾಧಿ ಬುಡಕಟ್ಟುಗಳ ಕಾನೂನು ಕೊರವರಂಥ ಅಲೆಮಾರಿಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿಮಾಡಿತು. ಮುಂಬಯಿ ಸರ್ಕಾರ ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ತಂತಿಬೇಲಿಯ ವಸಾಹತುಗಳನ್ನು ಕಟ್ಟಿತು. ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಎಂಬ ಹೆಸರಿನ ಬಡಾವಣೆ ಇಂದಿಗೂ ಇದೆ. ಆ ವಸಾಹತುಗಳಲ್ಲಿ ಇದ್ದವರು ಹಾಜರಿ ಕೊಡಬೇಕಿತ್ತು, ಹೊರಗೆ ಹೋಗಲು ಪಾಸು ಬೇಕಿತ್ತು. ಊರೂರು ಸುತ್ತುವುದೇ ಹಚ್ಚೆಯ ಕಸುಬಿನ ಜೀವ, ಕಾನೂನು ಆ ದಾರಿಯನ್ನೇ ಕಟ್ಟಿಹಾಕಿತು. 1952ರಲ್ಲಿ ಕಾನೂನು ರದ್ದಾಯಿತು, ಸಂಶಯದ ಕಣ್ಣು ರದ್ದಾಗಲಿಲ್ಲ. ಯಂತ್ರ ಬಂದು ಕೈಗಸುಬನ್ನು ಕೊಂದಿತು ಎನ್ನುವವರು ಈ ಇತಿಹಾಸವನ್ನು ಮರೆಯುತ್ತಾರೆ. ಯಂತ್ರಕ್ಕಿಂತ ಮುಂಚೆ ಪೊಲೀಸ್ ಚೌಕಿ ಬಂದಿತ್ತು.

ಈ ಮಾತನ್ನು ಎಂ.ಕೆ. ಹುಬ್ಬಳ್ಳಿಯ ಸೀಮೆಯಲ್ಲಿ ನಿಂತು ಹೇಳುವುದಕ್ಕೆ ಒಂದು ಕಾರಣವಿದೆ. ಇಲ್ಲಿ ಮಲಪ್ರಭೆಯ ನಡುವೆ ಶರಣೆ ಗಂಗಾಂಬಿಕೆಯ ಐಕ್ಯಸ್ಥಳವಿದೆ. ಕಲ್ಯಾಣದ ಶರಣರು ಕಾಯಕದಲ್ಲಿ ಮೇಲುಕೀಳಿಲ್ಲ ಎಂದರು. ಹುಲ್ಲಿನಿಂದ ಹಗ್ಗ ಹೊಸೆದು ಬಾಳಿದ ನುಲಿಯ ಚಂದಯ್ಯನನ್ನು ಕೊರವ, ಕೊರಮ ಸಮುದಾಯದವರು ತಮ್ಮ ಕುಲಗುರುವೆಂದು ಪೂಜಿಸುತ್ತಾರೆ, ಸರ್ಕಾರ ಅವನ ಜಯಂತಿ ಆಚರಿಸುತ್ತದೆ. ಹಗ್ಗದ ಕಾಯಕಕ್ಕೆ ಸಿಕ್ಕ ಮನ್ನಣೆ ಅದೇ ಸಮುದಾಯದ ಹೆಣ್ಣುಮಕ್ಕಳ ಸೂಜಿಗೂ ಸಿಗಬೇಕಿತ್ತು. ಆ ಕಾಯಕಕ್ಕೆ ನಾವು ಒಬ್ಬಳ ಹೆಸರನ್ನಾದರೂ ಉಳಿಸಿಕೊಂಡಿದ್ದೇವೆಯೇ? ಬೆಳಗಾವಿ ಜಿಲ್ಲೆಯ ಸಾವಿರಾರು ಕೈಗಳ ಮೇಲೆ ಕೆಲಸ ಉಳಿದಿದೆ, ಯಾವ ಕೈಯ ಕೆಲಸ ಯಾರದೆಂದು ಹೇಳುವವರಿಲ್ಲ.

ಈಗಿನ ಸ್ಥಿತಿ ಗೊತ್ತೇ ಇದೆ. ಸವದತ್ತಿ ಎಲ್ಲಮ್ಮನ ಜಾತ್ರೆಯಂಥ ಕಡೆಗಳಲ್ಲಿ ಬ್ಯಾಟರಿ ಮೋಟರಿನ ಯಂತ್ರ ಇಟ್ಟುಕೊಂಡವರು, ಹೃದಯದ ಚಿತ್ರ, ಹಾವು, ಇಂಗ್ಲಿಷ್ ಅಕ್ಷರಗಳ ಹಲಗೆ ನೇತುಹಾಕಿ ಕೂರುತ್ತಾರೆ. ವಿದ್ಯುತ್ ಹಚ್ಚೆಯಂತ್ರಕ್ಕೆ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ 1891ರಲ್ಲೇ ಪೇಟೆಂಟ್ ಪಡೆದಿದ್ದ. ಯಂತ್ರ ತಾನಾಗಿ ಕೆಟ್ಟದ್ದಲ್ಲ. ಕಲಿತ ಕೈಯಲ್ಲಿ, ಹೊಸ ಸೂಜಿಯೊಂದಿಗೆ ಅದು ಒಳ್ಳೆಯ ಕೆಲಸ ಮಾಡುತ್ತದೆ. ಆದರೆ ಜಾತ್ರೆಯ ಯಂತ್ರ ಹಳೆಯ ಪರಂಪರೆಯ ದೋಷವನ್ನು, ಅಂದರೆ ಹಂಚಿಕೊಂಡ ಸೂಜಿಯನ್ನು, ಹಾಗೆಯೇ ಉಳಿಸಿಕೊಂಡಿತು. ಗುಣವನ್ನು, ಅಂದರೆ ಚುಕ್ಕಿಯ ನಡುವೆ ಜಾಗ ಬಿಡುವ ಸಂಯಮವನ್ನು, ಕೈಬಿಟ್ಟಿತು. ಸೇನೆ ಸೇರಲು ಹೊರಟ ನಮ್ಮ ಹುಡುಗರಿಗೆ ಇದರ ಬಿಸಿ ತಟ್ಟುತ್ತದೆ. ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಭಾಗ, ಅಂಗೈಯ ಹಿಂಭಾಗ ಬಿಟ್ಟು ಬೇರೆಡೆ ಹಚ್ಚೆಯಿದ್ದರೆ ಭರ್ತಿಯ ನಿಯಮ ಸಾಮಾನ್ಯವಾಗಿ ಒಪ್ಪುವುದಿಲ್ಲ.

ಬೇರೆ ನಾಡುಗಳು ಏನು ಮಾಡಿದವು? ಫಿಲಿಪ್ಪೀನ್ಸಿನ ಕಳಿಂಗ ಪ್ರಾಂತದಲ್ಲಿ 1917ರಲ್ಲಿ ಹುಟ್ಟಿದ ವಾಂಗ್ ಓಡ್ ಎಂಬ ಅಜ್ಜಿ ಮುಳ್ಳು ಮತ್ತು ಮಸಿಯಿಂದ ಹಚ್ಚೆ ಹಾಕುತ್ತ, ತನ್ನ ವಂಶದ ಮೊಮ್ಮಕ್ಕಳಿಗೆ ಕೆಲಸ ಕಲಿಸಿದಳು. ಅವಳ ಬೆಟ್ಟದೂರಿಗೆ ಜಗತ್ತೇ ನಡೆದು ಬಂತು. ಬಿಹಾರದ ಮಿಥಿಲೆಯಲ್ಲಿ ದುಸಾಧ ಸಮುದಾಯದ ಚಾನೋ ದೇವಿ ಮತ್ತು ಅವಳ ಜೊತೆಗಾರ್ತಿಯರು ಮೈಮೇಲಿನ ಗೋದನಾ, ಅಂದರೆ ಹಚ್ಚೆಯ, ಚಿತ್ರಗಳನ್ನು ಕಾಗದಕ್ಕೆ ತಂದು ಒಂದು ಚಿತ್ರಶೈಲಿಯನ್ನೇ ಕಟ್ಟಿದರು. ಎರಡೂ ಕಡೆ ಕಲೆ ಉಳಿದದ್ದು ಮಾಡುವವಳಿಗೆ ಹೆಸರು, ಗೌರವ, ಸಂಪಾದನೆ ಮೂರೂ ಸಿಕ್ಕಿದ್ದರಿಂದ. ಬೆಂಗಳೂರಿನ ಅಂಗಡಿಗಳಲ್ಲಿ ಈಗ ಕೈಯಿಂದ ಚುಚ್ಚುವ ಹಚ್ಚೆಗೆ ಬೇಡಿಕೆಯಿದೆ. ಈ ಹೊಸ ಆಸಕ್ತಿಯ ಲಾಭ ಕೊರವರ ಮನೆಗಳಿಗೆ ತಲುಪದಿದ್ದರೆ ಅದನ್ನು ಪುನರುಜ್ಜೀವನ ಎನ್ನಲಾಗದು.

ನನ್ನ ತೀರ್ಪು ಹೀಗಿದೆ. ಮಕ್ಕಳಿಗೆ ಹಚ್ಚೆ ಹಾಕುವ ಪದ್ಧತಿ ನಿಂತದ್ದು ಒಳ್ಳೆಯದಾಯಿತು, ಅದು ಮರಳಿ ಬರಬೇಕಿಲ್ಲ. ಹಂಚಿಕೊಂಡ ಸೂಜಿ ಜಾತ್ರೆಯಲ್ಲಿಯೂ ನಿಲ್ಲಬೇಕು. ಆದರೆ ಆ ಕೈಯ ಅಳತೆ, ಚುಕ್ಕಿಯ ಲೆಕ್ಕ, ಕಾಡಿಗೆಯ ಪಾಕ, ಮುಪ್ಪನ್ನು ನೆನೆದು ಚಿತ್ರ ಬಿಡಿಸುವ ವಿವೇಕ, ಇವು ಕನ್ನಡ ನಾಡಿನ ಹೆಣ್ಣುಮಕ್ಕಳು ಕಟ್ಟಿದ ದೊಡ್ಡ ಕಲೆ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಈ ಕೆಲಸವನ್ನು ಕೈಗೆತ್ತಿಕೊಳ್ಳಲಿ. ತಾಲೂಕು ತಾಲೂಕಿನಲ್ಲಿ ಹಚ್ಚೆ ಇರುವ ಹಿರಿಯರ ಒಪ್ಪಿಗೆ ಪಡೆದು ಚಿತ್ರಗಳನ್ನು ನಕಲು ಮಾಡಿಕೊಳ್ಳಲಿ, ಇನ್ನೂ ಉಳಿದಿರುವ ಕೊರವರ ಅಜ್ಜಿಯರನ್ನು ಗೌರವಧನ ಕೊಟ್ಟು ಗುರುಗಳ ಸ್ಥಾನದಲ್ಲಿ ಕೂಡಿಸಲಿ. ಓದುಗರಲ್ಲಿಯೂ ಒಂದು ವಿನಂತಿ: ನಿಮ್ಮ ಮನೆಯ ಅಜ್ಜಿಯ ಕೈಮೇಲೆ ಹಚ್ಚೆ ಇದ್ದರೆ, ಅದನ್ನು ಯಾರು ಹಾಕಿದರು, ಯಾವ ಊರಿನವರು, ಏನು ಕೊಟ್ಟು ಹಾಕಿಸಿಕೊಂಡರು ಎಂದು ಕೇಳಿ ಬರೆದಿಡಿ. ಹಾಕಿದವಳ ಹೆಸರು ನೆನಪಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಬರೆಯಿರಿ.