ಅದ್ಭುತ ಕಥನಗಳಲ್ಲಿ ನಾಯಕನ ಬಲ: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಕೆಲವು ಪ್ರಸಂಗಗಳು

ಅದ್ಭುತ ಕಥನದ ನಾಯಕನನ್ನು ಕುರಿತು ಬರೆಯುವಾಗ ‘ಅತಿಮಾನುಷ ಶಕ್ತಿ’ ಎಂಬ ಮಾತನ್ನು ಧಾರಾಳವಾಗಿ ಬಳಸುವ ರೂಢಿ ಜಾನಪದ ಅಧ್ಯಯನದಲ್ಲಿ ಬೇರೂರಿದೆ. ಸ್ಟಿತ್ ಥಾಂಪ್ಸನ್‌ರ ಆಶಯ ಸೂಚಿಯನ್ನು ಮುಂದಿಟ್ಟುಕೊಂಡು ಪವಾಡಗಳನ್ನು ಎಣಿಸಿದರೆ ನಾಯಕನ ಬಲದ ವಿವರಣೆ ಮುಗಿಯಿತೆಂದು ಈ ಲೇಖಕನೂ ಒಂದು ಕಾಲಕ್ಕೆ ನಂಬಿದ್ದುಂಟು. ಕಲಬುರಗಿ ಸೀಮೆಯ ಕಥನಗಳು ಈ ನಂಬಿಕೆಯನ್ನು ಪ್ರಶ್ನಿಸುತ್ತವೆ. ಅಲ್ಲಿ ಒಡೆಯನ ಬಲವು ಎರವಲು ತಂದದ್ದು. ಅದು ಎರವಲೆಂಬುದು ಬಯಲಾಗುವ ಗಳಿಗೆಯಲ್ಲಿಯೇ ಕತೆಯ ಸತ್ತ್ವವಿದೆ.

ಅಫಜಲಪುರ ತಾಲ್ಲೂಕಿನ ಗಾಣಗಾಪುರದ ನರಸಿಂಹ ಸರಸ್ವತಿಯವರ ಮಹಿಮೆಯನ್ನು ಹೇಳುವ ‘ಗುರುಚರಿತ್ರೆ’ ಮರಾಠಿ ಕೃತಿ. ಆದರೆ ಅದನ್ನು ರಚಿಸಿದ ಸರಸ್ವತಿ ಗಂಗಾಧರರ ಮನೆತನದ ನೆಲೆ ಆಳಂದ ತಾಲ್ಲೂಕಿನ ಕಡಗಂಚಿ. ಶ್ರದ್ಧೆಯ ಸತ್ಯಾಸತ್ಯ ಇಲ್ಲಿನ ಚರ್ಚೆಗೆ ಸೇರಿದ್ದಲ್ಲ. ಕಥನವಾಗಿ ಮಾತ್ರ ಅದನ್ನು ನೋಡೋಣ. ಕೃಷ್ಣೆಯಲ್ಲಿ ಅರಸನ ಜಲವಿಹಾರವನ್ನು ಕಂಡ ಅಗಸನೊಬ್ಬನು ಆ ವೈಭವಕ್ಕೆ ಮನಸೋಲುತ್ತಾನೆ. ಗುರುವಿನ ವರದಿಂದ ಮರುಜನ್ಮದಲ್ಲಿ ಬೀದರಿನ ಸುಲ್ತಾನನಾಗುತ್ತಾನೆ. ವರ್ಷಗಳ ನಂತರ ತೊಡೆಯಲ್ಲಿ ಹುಣ್ಣೊಂದು ಎದ್ದು, ಯಾವ ವೈದ್ಯಕ್ಕೂ ಬಗ್ಗದೆ, ಅವನನ್ನು ಭೀಮಾತೀರಕ್ಕೆ ಕರೆತರುತ್ತದೆ. ಗುರು ಅವನನ್ನು ಹಳೆಯ ಅಗಸನೆಂದೇ ಮಾತನಾಡಿಸುತ್ತಾರೆ. ಆಗ ಪೂರ್ವಸ್ಮರಣೆ ಮರಳುತ್ತದೆ. ಹುಣ್ಣು ತೋರಿಸಲು ಹೋದರೆ ಹುಣ್ಣೇ ಇಲ್ಲ.

ಸೈನ್ಯ, ಕೋಟೆ, ಭಂಡಾರಗಳು ಕೊಡಲಾರದ ಎತ್ತರವನ್ನು ಈ ಸುಲ್ತಾನನಿಗೆ ಕೊಡುವುದು ಒಂದು ಹುಣ್ಣು ಮತ್ತು ಒಂದು ಹಳೆಯ ಹೆಸರು. ಆ ಹೆಸರಿಗೆ ಓಗೊಟ್ಟದ್ದೇ ಅವನ ದೊಡ್ಡಸ್ತಿಕೆ. ಟೋಲ್ಕಿನ್‌ರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ (1954–55) ಕೃತಿಯಲ್ಲಿ ಜನ ತಮ್ಮ ಅರಸನನ್ನು ಗುರುತಿಸುವುದು ಗಾಯ ಮಾಯಿಸುವ ಅವನ ಕೈಯಿಂದ. ಇಲ್ಲಿ ಅರಸನೇ ಗಾಯ ಹೊತ್ತು ಬರುತ್ತಾನೆ. 15ನೆಯ ಶತಮಾನದಲ್ಲಿ ಬಹಮನಿ ರಾಜಧಾನಿ ಕಲಬುರಗಿಯಿಂದ ಬೀದರಿಗೆ ಹೋದುದನ್ನು ಕಂಡ ನಾಡಿಗೆ ಸಿಂಹಾಸನವು ಕದಲುವ ವಸ್ತುವೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅದೇ ಕೃತಿಯಲ್ಲಿ ಕಡಗಂಚಿಯ ಸಾಯಂದೇವನ ಪ್ರಸಂಗವೂ ಇದೆ. ಕ್ರೂರ ಅಧಿಕಾರಿಯೊಬ್ಬನು ಗುರುಕೃಪೆಯಿಂದ ಬೆದರಿ ಸಾಯಂದೇವನಿಗೆ ಮಣಿಯುತ್ತಾನೆ. ಹೆಚ್ಚು ಬಲ ಕಡಿಮೆ ಬಲವನ್ನು ಅಂಜಿಸಿತು, ಅಷ್ಟೆ. ಪವಾಡ ಇಲ್ಲಿಯೇ ಹೆಚ್ಚು ಉಜ್ಜ್ವಲವಾಗಿದ್ದರೂ ಕಥನವಾಗಿ ಇದು ಸಪ್ಪೆ ಎನ್ನದೆ ವಿಧಿಯಿಲ್ಲ.

‘ಬತ್ತೀಸ ಪುತ್ಥಳಿ’ಯ ಚೌಕಟ್ಟಿನ ಕತೆ ಈ ಎರವಲನ್ನು ಹೊಲಕ್ಕೇ ತರುತ್ತದೆ. ಬೆಳೆ ಕಾಯುವವನು ಅಟ್ಟವನ್ನೇರಿದರೆ ದಾರಿಹೋಕರನ್ನೆಲ್ಲ ಉಣ್ಣಲು ಕರೆಯುತ್ತಾನೆ. ಇಳಿದೊಡನೆ ಅವರನ್ನೇ ಬೈದು ಅಟ್ಟುತ್ತಾನೆ. ಅಟ್ಟದ ಅಡಿಯಲ್ಲಿ ವಿಕ್ರಮನ ಸಿಂಹಾಸನ ಹೂತಿದೆ. ಔದಾರ್ಯವು ಮಣ್ಣಿನದು, ಮನುಷ್ಯನದಲ್ಲ. ಜೋಳದ ತೆನೆಗೆ ಹಾಲು ತುಂಬುವ ಕಾಲದಲ್ಲಿ ಕವಣೆ ಹಿಡಿದು ಅಟ್ಟದ ಮೇಲೆ ನಿಂತವರಿಗೆ ಈ ಕತೆಯ ಚುರುಕು ಬೇಗ ತಾಗುತ್ತದೆ.

ಇದಕ್ಕೆ ಎದುರಾಗಿ ನಿಲ್ಲುವುದು ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರ ಐತಿಹ್ಯ. ಹೊಲ ಕಾಯಬೇಕಾದ ಶರಣರು ಹಕ್ಕಿಗಳನ್ನು ಓಡಿಸದೆ ತೆನೆ ತಿನ್ನಲು ಬಿಟ್ಟು, ಕುಡಿಯಲು ನೀರಿಟ್ಟರಂತೆ. ಇವರ ಕಾಲ ಕೆಳಗೆ ಯಾವ ಸಿಂಹಾಸನವೂ ಇಲ್ಲ. ಅಟ್ಟದವನು ಇಳಿದಾಗ ಕಳೆದುಕೊಂಡದ್ದನ್ನು ಶರಣರು ನೆಲದಲ್ಲಿ ನಿಂತೇ ಉಳಿಸಿಕೊಂಡಿದ್ದಾರೆ. ಒಟ್ಟು ಚರ್ಚೆಯಲ್ಲಿ ನಿಜವಾದ ಅಪವಾದ ಇವರೊಬ್ಬರೇ.

ಆದರೆ ಆ ವರ್ಷ ರಾಶಿ ಇನ್ನೂ ಹೆಚ್ಚಾಯಿತೆಂಬ ಪವಾಡಕ್ಕೆ ಭಕ್ತಿಪರ ನಿರೂಪಣೆಗಳು ಒತ್ತು ಕೊಡುತ್ತವೆ. ಈ ಮುಕ್ತಾಯವು ದಾನವನ್ನು ಲಾಭದ ಬೇಸಾಯವಾಗಿಸುತ್ತದೆ ಎಂಬುದು ನಮ್ಮ ಆಕ್ಷೇಪ. ರಾಶಿಯ ಅಳತೆಯನ್ನು ತೆಗೆದುಹಾಕಿದರೂ ಶರಣರು ಕುಗ್ಗುವುದಿಲ್ಲ. ಹಕ್ಕಿಗಳಿಗಿಟ್ಟ ನೀರನ್ನು ತೆಗೆದರೆ ಮಾತ್ರ ಕತೆ ನಿಲ್ಲಲಾರದು. ಪಾಠಗಳನ್ನು ಸಂಪಾದಿಸುವಾಗ ನಾವು ರಾಶಿಯನ್ನು ಮರೆಯದೆ ದಾಖಲಿಸುತ್ತೇವೆ. ನೀರಿನ ಪ್ರಸ್ತಾಪ ಎಷ್ಟೋ ಸಲ ಅಡಿಟಿಪ್ಪಣಿಗೂ ಬರುವುದಿಲ್ಲ.