ಪಕ್ಕದ ಮನೆಯ ಸಾಲ

61ರಲ್ಲಿ 28 ಕಳೆದರೆ ಎಷ್ಟು? ಹುಬ್ಬಳ್ಳಿಯ ಸರಕಾರಿ ಶಾಲೆಯೊಂದರಲ್ಲಿ ನಾಲ್ಕನೇ ತರಗತಿಯ ಹುಡುಗಿ 47 ಎಂದು ಬರೆದಿದ್ದಳು. ಅಲ್ಲಿ ಕಲಿಸುವ ನನ್ನ ಗೆಳೆಯ ಅದನ್ನು ಕೆಂಪು ಪೆನ್ನಿನಿಂದ ಹೊಡೆದು 33 ಎಂದು ತಿದ್ದಿಕೊಟ್ಟ. ಮರುದಿನ ಆಕೆ 52ರಲ್ಲಿ 27 ಕಳೆದು 35 ಎಂದು ಬರೆದು ತಂದಳು. ಬೇಸತ್ತು, 'ಹೆಂಗ ಮಾಡಿದಿ, ಹೇಳು' ಎಂದ. '7ರಾಗ 2 ಹೋದ್ರ 5, 5ರಾಗ 2 ಹೋದ್ರ 3. ಸಣ್ಣದರಾಗ ದೊಡ್ಡದು ಹೋಗೂದಿಲ್ಲಂತ ನೀವ ಹೇಳೀರಲ್ರೀ ಸರ' ಎಂದಳು. ಹೌದು, ಅವನೇ ಹೇಳಿದ್ದ.

ಈ ಪ್ರಸಂಗ ಹೇಳಿ ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, 'ಎಷ್ಟೋ ತರಬೇತಿಗೆ ಹೋಗಿ ಬಂದೇನಿ. ಹೆಂಗ ಮಾಡಿದಿ ಅಂತ ಕೇಳೂದನ್ನ ಮಾತ್ರ ಎಲ್ಲೂ ಕಲೀಲಿಲ್ಲ' ಎಂದ. ಆ ಮಾತನ್ನು ಹಿಡಿದು ಈ ಬರಹ. ನಾನು ಗಣಿತದವನಲ್ಲ, ಕನ್ನಡ ಸಾಹಿತ್ಯ ಓದಿದವನು. ಆದರೆ ಲೆಕ್ಕದಲ್ಲಿ ಹಿಂದುಳಿದ ಮಕ್ಕಳಿಗಾಗಿ ಶಿಕ್ಷಕರನ್ನು ಸಜ್ಜುಗೊಳಿಸುವ ಕೆಲಸ ನಡೆಯುವುದು ಭಾಷೆಯಲ್ಲೇ. ಆ ಭಾಷೆಯನ್ನು ಪರೀಕ್ಷಿಸುವ ಹಕ್ಕು ಸಾಹಿತ್ಯದ ಓದುಗನಿಗೂ ಇದೆ ಎಂದುಕೊಂಡಿದ್ದೇನೆ.

ಮೊದಲು ಹೆಸರುಗಳನ್ನು ನೋಡೋಣ. ಶಾಲೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು 'ಪರಿಹಾರ ಬೋಧನೆ'. ನಮ್ಮ ಕಡೆ ಪರಿಹಾರ ಎಂಬ ಶಬ್ದ ಹೆಚ್ಚಾಗಿ ಎರಡು ಕಡೆ ಕೇಳಿಬರುತ್ತದೆ: ಮಳೆ ಕೈಕೊಟ್ಟಾಗ ಬೆಳೆ ಪರಿಹಾರ, ಜಾತಕದಲ್ಲಿ ತೊಡಕಿದ್ದಾಗ ದೋಷ ಪರಿಹಾರ. ಕೋವಿಡ್ ಕಳೆದ ಮೇಲೆ 2022-23ರಲ್ಲಿ ರಾಜ್ಯಕ್ಕೆಲ್ಲ 'ಕಲಿಕಾ ಚೇತರಿಕೆ' ಬಂತು, ಅನಂತರ 'ಮರುಸಿಂಚನ'. ಪರಿಹಾರದಲ್ಲಿ ಮಗು ನಷ್ಟಕ್ಕೊಳಗಾದದ್ದು, ಚೇತರಿಕೆಯಲ್ಲಿ ರೋಗಿ, ಸಿಂಚನದಲ್ಲಿ ಬಾಡಿದ ಗಿಡ. ಹೆಸರಿಟ್ಟವರ ಉದ್ದೇಶ ಒಳ್ಳೆಯದೇ. ಆದರೂ ಈ ಮೂರು ರೂಪಕಗಳಲ್ಲಿ ಯೋಚಿಸುವ ಮಗು ಕಾಣುವುದಿಲ್ಲ. ರೋಗಿಗೆ ಔಷಧ ಕೊಡಬಹುದು, ಗಿಡಕ್ಕೆ ನೀರು ಹಾಕಬಹುದು. 'ಹೆಂಗ ಮಾಡಿದಿ' ಎಂದು ಗಿಡವನ್ನು ಯಾರೂ ಕೇಳುವುದಿಲ್ಲ.

ಸಮಸ್ಯೆ ಮಾತ್ರ ಸಣ್ಣದಲ್ಲ. ಗ್ರಾಮೀಣ ಭಾರತದ ಐದನೇ ತರಗತಿಯ ಮಕ್ಕಳಲ್ಲಿ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು 'ಅಸರ್' ಸಮೀಕ್ಷೆಯ ಪ್ರಕಾರ 2022ರಲ್ಲಿ ಶೇ. 25.6, 2024ರಲ್ಲಿ ಶೇ. 30.7. ಉಳಿದವರನ್ನು ದಡ್ಡರೆಂದು ಬಿಟ್ಟುಬಿಡುವ ಕಾಲಕ್ಕಿಂತ, ಅವರಿಗಾಗಿ ಕಾರ್ಯಕ್ರಮ ರೂಪಿಸುವ ಕಾಲ ಎಷ್ಟೋ ಮೇಲು. ಇದನ್ನು ಒಪ್ಪಿಕೊಂಡೇ ಮುಂದಿನ ಮಾತು.

ನಾಲ್ಕು ಮತ್ತು ಐದನೇ ತರಗತಿಗಾಗಿ ಅಕ್ಷರ ಫೌಂಡೇಷನ್ ರೂಪಿಸಿ, ಸರಕಾರ ತನ್ನ ಶಾಲೆಗಳಿಗೆ ಬರಮಾಡಿಕೊಂಡ 'ಗಣಿತ ಕಲಿಕಾ ಆಂದೋಲನ' ಇವುಗಳಲ್ಲಿ ಹೆಚ್ಚು ಸತ್ವವುಳ್ಳದ್ದು. ಅದರ ಕಿಟ್ಟಿನಲ್ಲಿ ಮಣಿಚೌಕಟ್ಟು, ಬಿಡಿ-ಹತ್ತು-ನೂರರ ತುಂಡುಗಳು, ಸ್ಥಾನಬೆಲೆಯ ಪಟ್ಟಿಗಳು, ಭಿನ್ನರಾಶಿಯ ಆಕಾರಗಳು, ಆಟದ ನಾಣ್ಯಗಳಿವೆ. ಮೊದಲು ಕೈಗೆ ವಸ್ತು, ಆಮೇಲೆ ಚಿತ್ರ, ಕೊನೆಗೆ ಅಂಕಿ ಎಂಬ ಕ್ರಮದಲ್ಲಿ ಕಲಿಸಲು ಶಿಕ್ಷಕರಿಗೆ ತರಬೇತಿಯೂ ಇದೆ. ಕರಿಹಲಗೆಯನ್ನೇ ನಂಬಿ ಬಂದ ಶಾಲೆಗೆ ಇದು ದೊಡ್ಡ ಬದಲಾವಣೆ. ಆದರೆ ಗೆಳೆಯನ ವಿದ್ಯಾರ್ಥಿನಿ ಕಿಟ್ ಮುಂದಿಟ್ಟರೆ ಒಂದು ಹತ್ತರ ಕಡ್ಡಿ ಕೊಟ್ಟು ಹತ್ತು ಬಿಡಿ ತುಂಡು ಸರಾಗವಾಗಿ ತೆಗೆದುಕೊಳ್ಳುತ್ತಾಳೆ. ಪುಸ್ತಕ ತೆರೆದೊಡನೆ ಮತ್ತೆ 8ರಾಗ 1 ಹೋದ್ರ 7. ಕಡ್ಡಿಯ ಲೆಕ್ಕಕ್ಕೂ ಪುಸ್ತಕದ ಲೆಕ್ಕಕ್ಕೂ ನಡುವೆ ದಾಟುವ ಸಂಕ ಮಾತು. ಆ ಮಾತನ್ನು ಕಿಟ್ಟಿನಲ್ಲಿಟ್ಟು ಕಳಿಸಲಾಗದು.

ನಮ್ಮ ತರಗತಿಗಳ ಮಾತು ಹೇಗಿದೆ? ಕಳೆಯುವ ಲೆಕ್ಕದಲ್ಲಿ ಎಲ್ಲರೂ ಕೇಳಿದ ವಾಕ್ಯ: '1ರಾಗ 8 ಹೋಗೂದಿಲ್ಲ, ಪಕ್ಕದ ಮನೀಯಿಂದ ಒಂದು ಸಾಲಾ ತಗೋ.' ಇದನ್ನು ರೂಪಕವಾಗಿ ಓದಿ ನೋಡಿ. ಪಡೆಯುವುದು ಒಂದು, ಮನೆಗೆ ಬರುವಾಗ ಅದು ಹತ್ತಾಗಿರುತ್ತದೆ. ಯಾಕೆ? ಹೇಳುವುದಿಲ್ಲ. ಆ ಸಾಲವನ್ನು ತಿರುಗಿ ಕೊಡುವುದು ಯಾವಾಗ? ಎಂದಿಗೂ ಇಲ್ಲ. ಸಾಲ ಎಂದರೇನೆಂದು ಚೆನ್ನಾಗಿ ಬಲ್ಲ ಮನೆಗಳಿಂದ ಬರುವ ಮಕ್ಕಳಿಗೆ ಇದು ಅರ್ಥವಾಗದಿದ್ದರೆ ತಪ್ಪು ಮಕ್ಕಳದಲ್ಲ, ರೂಪಕದ್ದು. ಮೇಲಾಗಿ ಸಾಲ ಬೇರೊಬ್ಬರಿಂದ ಬರುವಂಥದು. 61ರಲ್ಲಿರುವ ಆರು ಹತ್ತುಗಳು ಬೇರೆ ಮನೆಯವಲ್ಲ, ಅದೇ ಸಂಖ್ಯೆಯ ಒಳಗಿನವು. ಸ್ಥಾನಬೆಲೆಯ ತಿರುಳನ್ನೇ ಈ ವಾಕ್ಯ ಮುಚ್ಚಿಬಿಡುತ್ತದೆ. ನಮ್ಮ ಸಂತೆಯಲ್ಲಿ ಇದಕ್ಕೆ ಸರಿಯಾದ ಮಾತು ಮೊದಲಿನಿಂದಲೂ ಇದೆ: ನೋಟು ಮುರಿಸುವುದು. ಹತ್ತರ ನೋಟು ಮುರಿಸಿದರೆ ಒಂದರ ಹತ್ತು ನಾಣ್ಯ. ದುಡ್ಡು ನಮ್ಮದೇ, ಬೆಲೆ ಅಷ್ಟೇ, ರೂಪ ಮಾತ್ರ ಬೇರೆ.

ಕಿವಿಯೂ ಲೆಕ್ಕ ಬರೆಯುತ್ತದೆ. ನೂರಾ ಐದು ಎಂದಾಗ 1005 ಎಂದು ಬರೆಯುವ ಮಗು ನಾವು ಹೇಳಿದ್ದನ್ನು ಕೇಳಿದ ಹಾಗೆಯೇ ಬರೆದಿದೆ: ಮೊದಲು ನೂರು, ಪಕ್ಕದಲ್ಲಿ ಐದು. ಹಳೇ ಹುಬ್ಬಳ್ಳಿಯ ಉರ್ದು ಮನೆಮಾತಿನ ಮಗುವಿಗೆ 29 ಎಂದರೆ ಉನ್ತೀಸ್. ಅದರಲ್ಲಿ ಕೇಳಿಸುವುದು ಮೂವತ್ತರ ತೀಸ್. ಅದೇ ಮಗು ಕನ್ನಡ ಶಾಲೆಯಲ್ಲಿ ಇಪ್ಪತ್ತೊಂಬತ್ತು ಎಂಬಲ್ಲಿ ಇಪ್ಪತ್ತನ್ನು ಕೇಳಬೇಕು. ಬಜಾರಿನಲ್ಲಿ ದೀಡ ಕಿಲೋ ಉಳ್ಳಾಗಡ್ಡಿ, ಅಡೀಚ ಕಿಲೋ ಬಟಾಟಿ ಎಂದು ಸಲೀಸಾಗಿ ಆಡುವವರ ಮಕ್ಕಳು ತರಗತಿಯಲ್ಲಿ 'ಮಿಶ್ರ ಭಿನ್ನರಾಶಿ'ಯ ಎದುರು ಮೂಕರಾಗುತ್ತಾರೆ. ಇದು ನಮ್ಮ ಊರಿನ ಕಥೆಯಷ್ಟೇ ಅಲ್ಲ. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಇದನ್ನೇ ಕಂಡಿತು: ವ್ಯಾಪಾರದ ಲೆಕ್ಕ ಬಾಯಲ್ಲೇ ಮಾಡುವವರಿಗೆ ಶಾಲೆಯ ಲೆಕ್ಕ ಬರುವುದಿಲ್ಲ, ಶಾಲೆಯ ಮಕ್ಕಳಿಗೆ ವ್ಯಾಪಾರದ ಲೆಕ್ಕ ಬರುವುದಿಲ್ಲ.

ತಪ್ಪಿಗೂ ಒಂದು ವ್ಯಾಕರಣವಿದೆ ಎಂಬುದನ್ನು ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಷ್ಟು ಹಿಂದೆಯೇ ತೋರಿಸಿದ್ದರು. ಮಕ್ಕಳ ಕಳೆಯುವ ಲೆಕ್ಕಗಳನ್ನು ಪರಿಶೀಲಿಸಿದ ಅವರಿಗೆ, ಎಷ್ಟೋ ತಪ್ಪುಗಳು ಅಲಕ್ಷ್ಯದಿಂದಾದವಲ್ಲ, ತಪ್ಪು ನಿಯಮವೊಂದನ್ನು ಚಾಚೂ ತಪ್ಪದೆ ಪಾಲಿಸಿದ್ದರಿಂದಾದವು ಎಂದು ಕಂಡಿತು. ಹುಬ್ಬಳ್ಳಿಯ ಹುಡುಗಿಯ ನಿಯಮವೂ ಅವರ ಪಟ್ಟಿಯಲ್ಲಿದೆ.

ಇಲ್ಲಿ ಧಾರವಾಡದ ಹಿರಿಯರೊಬ್ಬರು ನೆನಪಾಗುತ್ತಾರೆ. 19ನೇ ಶತಮಾನದಲ್ಲಿ ಈ ಭಾಗದ ಕನ್ನಡ ಶಾಲೆಗಳಿಗಾಗಿ, ಅವುಗಳ ಶಿಕ್ಷಕರಿಗಾಗಿ ದುಡಿದ ಡೆಪ್ಯುಟಿ ಚನ್ನಬಸಪ್ಪ. ಶಿಕ್ಷಕರಿಗೆಂದೇ 'ಮಠಪತ್ರಿಕೆ' ಹೊರಟದ್ದೂ ಆ ಕಾಲದಲ್ಲೇ. ಅದೇ ಚನ್ನಬಸಪ್ಪ ಶೇಕ್ಸ್‌ಪಿಯರನ 'ಕಾಮಿಡಿ ಆಫ್ ಎರರ್ಸ್' ನಾಟಕವನ್ನು 'ನಗದವರನ್ನು ನಗಿಸುವ ಕಥೆ' ಎಂದು ಕನ್ನಡಕ್ಕೆ ತಂದರು. ಆ ನಾಟಕದಲ್ಲಿ ಎಡವುವವರು ದಡ್ಡರೇನಲ್ಲ. ಒಬ್ಬನಂತೆ ಇನ್ನೊಬ್ಬನಿದ್ದಾನೆಂದು ತಿಳಿಯದವರು ಕಂಡದ್ದರ ಮೇಲೆ ತರ್ಕಬದ್ಧವಾಗಿಯೇ ನಡೆದುಕೊಳ್ಳುತ್ತಾರೆ. ಗೊಂದಲ ಹುಟ್ಟುವುದು ಅದರಿಂದಲೇ. ನಾವು ಸಾಹಿತ್ಯದ ತರಗತಿಯಲ್ಲಿ ಪಾತ್ರಗಳಿಗೆ ಈ ಉದಾರತೆ ತೋರುತ್ತೇವೆ. ಅವನು ಯಾಕೆ ಹೀಗೆ ಮಾಡಿದ, ಅವನಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಎಂದು ಪುಟಗಟ್ಟಲೆ ಬರೆಯುತ್ತೇವೆ. ನಾಲ್ಕನೇ ತರಗತಿಯ ಮಗುವಿನ ವಿಷಯದಲ್ಲಿ ಕೆಂಪು ಪೆನ್ನೇ ಸಾಕೆನಿಸುತ್ತದೆ.

ಹಾಗಾದರೆ ಎಂಥ ತರಬೇತಿ ಬೇಕು? ಹತ್ತು ಶಿಕ್ಷಕರು ತಮ್ಮ ತರಗತಿಯ ಹತ್ತು ನೋಟ್‌ಬುಕ್ ತಂದು ಒಂದು ಮೇಜಿನ ಸುತ್ತ ಕೂರಬೇಕು. ಒಂದೊಂದು ತಪ್ಪನ್ನು ಓದಿ, ಈ ಉತ್ತರ ಸರಿಯಾಗಬೇಕಾದರೆ ಮಗು ಏನನ್ನು ನಂಬಿರಬೇಕು ಎಂದು ಊಹಿಸಬೇಕು. ಮರುವಾರ ಆ ಮಕ್ಕಳನ್ನೇ ಕೇಳಿ, ಊಹೆ ಸರಿಯಾಗಿತ್ತೇ ಎಂದು ಬಂದು ಹೇಳಬೇಕು. ಇದಕ್ಕೆ ಕಿಟ್ ಬೇಡ, ಪ್ರೊಜೆಕ್ಟರ್ ಬೇಡ.

ಬೇಕಾದದ್ದು ಹೊತ್ತು. ಅದೇ ಕಷ್ಟದ ಪ್ರಶ್ನೆ. ಎರಡು ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು, ಬಿಸಿಯೂಟದ ಲೆಕ್ಕ, ಹಾಜರಿಯ ಮಾಹಿತಿ, ಮೊಬೈಲಿನಲ್ಲಿ ತುಂಬಬೇಕಾದ ನಮೂನೆಗಳ ನಡುವೆ ಇರುವ ಶಿಕ್ಷಕನಿಗೆ 'ಪ್ರತಿ ಮಗುವನ್ನೂ ಕೇಳು' ಎನ್ನುವುದು ಸುಲಭ. ಎಲ್ಲ ತಪ್ಪನ್ನೂ ಕೇಳಲಾಗದು, ನಿಜ. ಆದರೆ ದಿನಕ್ಕೆ ಒಂದು ಮಗುವನ್ನು ಕೇಳಲು ಐದು ನಿಮಿಷ ಸಾಕು. ಒಂದೇ ನಿಯಮ ಅನೇಕ ತಲೆಗಳಲ್ಲಿರುವುದರಿಂದ ಒಬ್ಬರ ಉತ್ತರ ಇನ್ನೂ ಕೆಲವರನ್ನು ಬಿಡಿಸುತ್ತದೆ. ಇಲಾಖೆ ಎಷ್ಟು ಮಕ್ಕಳು ಯಾವ ಹಂತದಲ್ಲಿದ್ದಾರೆ ಎಂದು ಕೇಳುವಷ್ಟೇ ಶ್ರದ್ಧೆಯಿಂದ, ಈ ವಾರ ಯಾವ ತಪ್ಪನ್ನು ಅರ್ಥಮಾಡಿಕೊಂಡಿರಿ ಎಂದೂ ಕೇಳಿದರೆ ಆ ಐದು ನಿಮಿಷಕ್ಕೆ ಬೆಲೆ ಬಂದೀತು.

ಗೆಳೆಯ ಈಗ ತರಗತಿಯಲ್ಲಿ 'ಸಾಲ' ಎಂಬ ಶಬ್ದ ಬಿಟ್ಟಿದ್ದಾನೆ. ಹತ್ತರ ನೋಟು ಮುರಿಸುವ ಆಟ ಆಡಿಸಿ, ಪ್ರತಿಸಲ ಮುರಿಸಿದ್ದನ್ನು ಪುಸ್ತಕದಲ್ಲಿ ಬರೆಸುತ್ತಾನೆ. ಹುಡುಗಿ 52ರಲ್ಲಿ 27 ಕಳೆದು 25 ಎಂದು ಬರೆದಳು. 'ಮೊದಲ ಯಾಕ ಹಿಂಗ ಹೇಳಲಿಲ್ರೀ ಸರ?' ಎಂದು ಕೇಳಿದಳಂತೆ. ಅದಕ್ಕೆ ಏನು ಉತ್ತರ ಕೊಟ್ಟೆ ಎಂದು ಕೇಳಿದೆ. 'ನನಗೂ ಯಾರೂ ಹೇಳಿರಲಿಲ್ಲ ಅಂದೆ' ಎಂದ.