ಹರಾಜಿನ ಕೊನೆಯ ಷರತ್ತು

ಜಾತ್ರೆ ಮಳಿಗೆಗಳ ಹರಾಜು ಪ್ರಕಟಣೆ ಕಂಡರೆ ನಿಂತು ಓದುವುದು ನನಗೊಂದು ಚಟ. ನೆಲಬಾಡಿಗೆ, ಠೇವಣಿ, ಹಣ ಕಟ್ಟಬೇಕಾದ ಕಡೆಯ ದಿನ ಎಲ್ಲವೂ ಬಿಗಿಯಾಗಿರುತ್ತವೆ, ಪೈಸೆ ಲೆಕ್ಕ ತಪ್ಪುವುದಿಲ್ಲ. ಕೊನೆಯ ಷರತ್ತು ಮಾತ್ರ ನಾನು ಓದಿದ ಕಡೆಯಲ್ಲೆಲ್ಲ ಹೆಚ್ಚುಕಡಿಮೆ ಒಂದೇ: ‘ಯಾವುದೇ ಅವಘಡ ಸಂಭವಿಸಿದಲ್ಲಿ ಗುತ್ತಿಗೆದಾರರೇ ಸಂಪೂರ್ಣ ಹೊಣೆ.’ ಜೈಂಟ್ ವೀಲ್‌ನವನಿಗೂ ಅದೇ ಸಾಲು, ಗೋಬಿ ಗಾಡಿಯವನಿಗೂ ಅದೇ, ಶಾಮಿಯಾನದವನಿಗೂ ಅದೇ. ಸಮಿತಿಗಳು ಅದನ್ನು ತಾಯಿತದಂತೆ ನಂಬಿಕೊಂಡಿವೆ.

ತಾಯಿತದ ಶಕ್ತಿ ಎಷ್ಟೆಂಬುದು ಮೀರತ್ ಪ್ರಕರಣದಲ್ಲಿ ಬಯಲಾಯಿತು. ಅಲ್ಲಿನ ವಿಕ್ಟೋರಿಯಾ ಪಾರ್ಕ್‌ನಲ್ಲಿ ನಡೆದಿದ್ದ ಗ್ರಾಹಕ ವಸ್ತುಗಳ ಪ್ರದರ್ಶನದ ಕಡೆಯ ದಿನ, 2006ರ ಏಪ್ರಿಲ್ 10ರಂದು, ಬೆಂಕಿ ಬಿದ್ದು 65 ಜನ ಸತ್ತರು. ಸಂಘಟಕರು ಹೇಳಿದ್ದು ನಮ್ಮ ಹರಾಜಿನ ಕೊನೆಯ ಸಾಲನ್ನೇ: ಪೆಂಡಾಲಿನ ಕೆಲಸ ಗುತ್ತಿಗೆದಾರನಿಗೆ ಕೊಟ್ಟಿದ್ದೆವು, ಅವನು ಸ್ವತಂತ್ರ, ತಪ್ಪಿದ್ದರೆ ಅವನದು. 2022ರ ಏಪ್ರಿಲ್ 12ರಂದು ಸುಪ್ರೀಂ ಕೋರ್ಟ್ ಈ ವಾದವನ್ನು ಒಪ್ಪಲಿಲ್ಲ. ಗುತ್ತಿಗೆದಾರ ದುಡಿದದ್ದು ಸಂಘಟಕರಿಗಾಗಿ, ಜನ ಬಂದದ್ದು ಸಂಘಟಕರು ಕರೆದರೆಂದು. ಪರಿಹಾರದ ಹೊಣೆಯಲ್ಲಿ ಶೇ 60 ಸಂಘಟಕರ ಪಾಲಿಗೆ, ಶೇ 40 ಸರ್ಕಾರದ ಪಾಲಿಗೆ ಬಂತು.

ತೀರ್ಪು ಸರಿ. ಅದು ಬರಲು 16 ವರ್ಷ ಹಿಡಿದದ್ದು ಸರಿಯಲ್ಲ. ಸರ್ಕಾರದ ಪಾಲೆಂದರೆ ಕೊನೆಗೆ ತೆರಿಗೆ ಕಟ್ಟುವವರ ಹಣ ಎಂಬುದೂ ನೆನಪಿರಲಿ.

ಹಾಗೆಂದು ಕೊನೆಯ ಷರತ್ತು ಪೂರ್ತಿ ನಿಷ್ಪ್ರಯೋಜಕ ಎನ್ನಲಾರೆ. 1872ರ ಕರಾರು ಕಾಯ್ದೆಯ 124ನೇ ಕಲಮು ನಷ್ಟ ತುಂಬಿಕೊಡುವ ಕರಾರಿಗೆ ಮಾನ್ಯತೆ ಕೊಟ್ಟಿದೆ. ಅಂಥ ಕರಾರಿದ್ದರೆ ಸಮಿತಿ ತಾನು ತೆತ್ತದ್ದನ್ನು ಗುತ್ತಿಗೆದಾರನಿಂದ ಮರಳಿ ಕೇಳಬಹುದು. ಕೇಳುವುದು ಯಾರನ್ನು? ಸವಾಲು ಕೂಗಿ ಇಡೀ ಮೈದಾನ ಹಿಡಿದವನು ಅದನ್ನು ಅಡಿ ಲೆಕ್ಕದಲ್ಲಿ ಹತ್ತಾರು ಜನಕ್ಕೆ ಹಂಚಿರುತ್ತಾನೆ. ತೊಟ್ಟಿಲು ತಿರುಗಿಸುವವನ ಹೆಸರೇ ಸಮಿತಿಗೆ ಗೊತ್ತಿರುವುದಿಲ್ಲ. ಗೋಬಿಯವನ ಆಸ್ತಿಯೆಂದರೆ ಒಂದು ಒಲೆ, ಒಂದು ಬಾಣಲೆ, ಒಂದು ಸಿಲಿಂಡರ್. ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ಅಸುರಕ್ಷಿತ ಆಹಾರದಿಂದ ಗಿರಾಕಿ ಸತ್ತರೆ ಪರಿಹಾರ 5 ಲಕ್ಷ ರೂಪಾಯಿಗೆ ಕಡಿಮೆ ಇರಕೂಡದು. ಆ ಬಾಣಲೆ ಮಾರಿ ಅಷ್ಟು ಹುಟ್ಟೀತೆ? ಗೋಬಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಹಾಕಬಾರದೆಂದು 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಆದೇಶಿಸಿತು. ಅದಾದ ಮೇಲೂ ಜಾತ್ರೆಯೊಂದರಲ್ಲಿ ಕೆಂಪಗೆ ಹೊಳೆಯುವ ಗೋಬಿ ಕಂಡೆ. ಬಣ್ಣ ಯಾವುದೆಂದು ಕೇಳುವವರು ಯಾರೂ ಇರಲಿಲ್ಲ.

ಯಾಕೆ ನೋಡುವುದಿಲ್ಲ ಎಂದು ಸಮಿತಿಯವರೊಬ್ಬರನ್ನು ಒಮ್ಮೆ ಕೇಳಿದ್ದೆ. “ನೋಡಕ್ ಹೋದ್ರೆ ನಾವೇ ಒಪ್ಕೊಂಡಂಗಾಗ್ತದೆ ಸಾರ್. ಆಮೇಲೆ ನಮ್ಮ ಕುತ್ತಿಗೆಗೇ ಬರ್ತದೆ” ಎಂದರು. ಈ ಪದ್ಧತಿಯ ನಿಜವಾದ ದೋಷ ಇದೇ. ಕಾಗದದಲ್ಲಿ ಹೊಣೆ ದಾಟಿಸಿದವನಿಗೆ ಕಣ್ಣು ಮುಚ್ಚಿಕೊಳ್ಳುವುದೇ ಜಾಣತನವಾಗಿ ಕಾಣುತ್ತದೆ. ಜೈಂಟ್ ವೀಲ್‌ನ ಬೋಲ್ಟು, ಜನರೇಟರಿನಿಂದ ಎಳೆದ ವೈರಿನ ಜಾಯಿಂಟು, ಪೆಂಡಾಲಿನಿಂದ ಹೊರಗೆ ಹೋಗುವ ದಾರಿ ಇವನ್ನು ಹಬ್ಬದ ಹಿಂದಿನ ದಿನ ಯಾರೂ ಮುಟ್ಟಿ ನೋಡುವುದಿಲ್ಲ. ನೋಡದೆ ಇದ್ದದ್ದು ರಕ್ಷಣೆಯಾಗದು ಎಂಬುದು ಮೀರತ್‌ನಿಂದ ತಿಳಿಯಬೇಕಿತ್ತು.

ವಿಮೆಯ ವಿಷಯದಲ್ಲೂ ಇಂಥದೇ ಗೊಂದಲ. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಎಲ್ಲರನ್ನೂ ಕಾಯುತ್ತದೆಂದು ಹೆಸರು ನೋಡಿ ಅಂದುಕೊಳ್ಳುವವರಿದ್ದಾರೆ. ಅದು ಇರುವುದು ಅಪಾಯಕಾರಿ ವಸ್ತುಗಳನ್ನು ನಿರ್ವಹಿಸುವವರಿಗೆ, ಜಾತ್ರೆ ಮಳಿಗೆಗಲ್ಲ. ಜಾತ್ರೆಗೆ ಬೇಕಾದ ಪಾಲಿಸಿಯನ್ನು ಬೇರೆಯಾಗಿಯೇ ಕೊಳ್ಳಬೇಕು. ಬಡ ವ್ಯಾಪಾರಿಗೆ ಅದು ಹೊರೆ, ನಿಜ; ಆದ್ದರಿಂದ ಇಡೀ ಮೈದಾನಕ್ಕೆ ಸಮಿತಿಯೇ ಒಂದು ಪಾಲಿಸಿ ಮಾಡಿಸಿ ನೆಲಬಾಡಿಗೆಯಲ್ಲಿ ಸೇರಿಸಿಕೊಳ್ಳುವುದು ನ್ಯಾಯ.

ಮುಂದಿನ ಪ್ರಕಟಣೆ ಬರೆಯುವವರಲ್ಲಿ ಒಂದು ವಿನಂತಿ. ಆ ಹಳೆಯ ಸಾಲು ಇರಲಿ, ಅಳಿಸಬೇಡಿ. ಅದರ ಕೆಳಗೆ ಇನ್ನೊಂದು ಬರೆಯಿರಿ: ಒಳಗುತ್ತಿಗೆಯವರ ಹೆಸರು, ಆಹಾರ ಪರವಾನಗಿಯ ಪ್ರತಿ, ಯಂತ್ರ ಮತ್ತು ವಿದ್ಯುತ್ ತಪಾಸಣೆಯ ಪತ್ರ ಕೊಡದವರಿಗೆ ಅಂಗಡಿ ತೆರೆಯಲು ಅವಕಾಶವಿಲ್ಲ. ತೇರಿನ ಹಿಂದಿನ ದಿನ ಸಮಿತಿಯವರೇ ಒಂದು ಸುತ್ತು ಹಾಕಿ ಬನ್ನಿ.